ನಮ್ಮವರೆಲ್ಲ ಒತ್ತಿದ ಉತ್ತರ

ಎರಡೇ ಅಕ್ಷರ. "ತಪ್ಪು." ಅದರ ಮುಂದೆ ಸರ್ ಇಲ್ಲ, ಹಿಂದೆ ರೀ ಇಲ್ಲ. ಕಲಬುರಗಿಯ ಒಂದು ಸರ್ಕಾರಿ ಕಚೇರಿಯ ಕಾಂಪೌಂಡಿನ ಹೊರಗೆ ಇಪ್ಪತ್ತಾರು ವರ್ಷದಿಂದ ಮೇಜು ಹಾಕಿಕೊಂಡು ಮಂದಿಗೆ ಅರ್ಜಿ ಬರೆದುಕೊಡುವವ ನಾನು. ಹೆಸರಿನ ಜಾಗದಲ್ಲಿ ಬರೀ ಅಂಕಿ ಇಟ್ಟುಕೊಂಡ ಯಾರೋ ಒಬ್ಬ ನನ್ನ ಉತ್ತರದ ಕೆಳಗೆ ಹೀಗೆ ಬರೆಯುವುದೆಂದರೇನು? ಮೈಯೆಲ್ಲ ಉರಿದುಹೋಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಆಕೆ ಹೇಳುವುದರಲ್ಲಿ ಸುಳ್ಳಿಲ್ಲ.

ಇದೆಲ್ಲ ನಡೆದದ್ದು ಮೊಬೈಲಿನಲ್ಲಿ, ಕನ್ನಡದಲ್ಲೇ ಪ್ರಶ್ನೆ ಕೇಳಿ ಉತ್ತರ ಪಡೆಯುವ ಒಂದು ಆ್ಯಪಿನಲ್ಲಿ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಹೇಳಬಹುದು. ಉತ್ತರ ಹಿಡಿಸಿದರೆ ಮೇಲಿನ ಬಾಣ ಒತ್ತಬೇಕು, ಹಿಡಿಸದಿದ್ದರೆ ಕೆಳಗಿನ ಬಾಣ. ಹೆಚ್ಚು ಮಂದಿ ಮೆಚ್ಚಿದ್ದು ಮೇಲೆ ಏರುತ್ತದೆ. ತೀರ ಬೇಡವಾದದ್ದನ್ನು ಆ್ಯಪು ಮಡಚಿ ಕೆಳಗೆ ಹಾಕಿಬಿಡುತ್ತದೆ, ಬೆರಳಿಟ್ಟು ತೆರೆದರೆ ಮಾತ್ರ ಕಾಣುತ್ತದೆ. ಪ್ರಶ್ನೆ ಕೇಳಿದವರು ತಮಗೆ ಒಪ್ಪಿಗೆಯಾದ ಉತ್ತರಕ್ಕೆ ಒಂದು ಹಸಿರು ಗುರುತು ಕೊಡುತ್ತಾರೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಾರಸುದಾರರ ಪತ್ರ, ಇಂಥವುಗಳ ಪ್ರಶ್ನೆ ಬಂದರೆ ನಾನು ಹಾಜರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಶುರು ಮಾಡಿದ್ದು, ಬರಬರುತ್ತ ಚಟವಾಯಿತು. ಹಸಿರು ಗುರುತು ಬಿದ್ದ ದಿನ ನಾನು ಐವಾನ್-ಎ-ಶಾಹಿ ಬಡಾವಣೆಯ ಮನೆಗೆ ಹೋಗುವಾಗ ಸ್ಕೂಟರ್ ಮೇಲೆ ಹಾಡು ಗುನುಗುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಆ ದಿನದ ಪ್ರಶ್ನೆ ಹೀಗಿತ್ತು. ನಮ್ಮ ಭಾಗದವರಿಗೆ ಮೀಸಲಾದ ನೌಕರಿಗೆ ಅರ್ಜಿ ಹಾಕುವವರು ಸ್ಥಳೀಯರು ಅನ್ನುವುದಕ್ಕೆ ಒಂದು ಪ್ರಮಾಣಪತ್ರ ಬೇಕಲ್ಲ, ಅದಕ್ಕೆ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಕೈಗೆ ಬಂದಿಲ್ಲ, ನೌಕರಿಯ ಅರ್ಜಿಗೆ ಹನ್ನೊಂದು ದಿನ ಉಳಿದಿದೆ, ಏನು ಮಾಡಲಿ? ಕೇಳಿದವರ ಹೆಸರಿನ ಜಾಗದಲ್ಲಿ ಒಂದು ಹೂವಿನ ಚಿತ್ರ ಮಾತ್ರ ಇತ್ತು. ನಾನು ಚಹಾ ಕುಡಿಯುತ್ತ ಒಂದೇ ಕೈಯಲ್ಲಿ ಬರೆದೆ: "ಗಾಬರಿ ಬೇಡ. ಅರ್ಜಿ ಕೊಟ್ಟ ರಸೀದಿ ಇದ್ದರೆ ಸಾಕು. ಪ್ರಮಾಣಪತ್ರವನ್ನು ದಾಖಲೆ ಪರಿಶೀಲನೆಯ ದಿನ ತೋರಿಸಿದರೆ ನಡೆಯುತ್ತದೆ." ಅದಕ್ಕೇ ಆ ಅಂಕಿಯವನು ಬಂದು, ತಪ್ಪು, ಪ್ರಮಾಣಪತ್ರದ ಮೇಲಿನ ತಾರೀಖು ಅರ್ಜಿ ಹಾಕುವ ಕೊನೆಯ ದಿನದ ಒಳಗೇ ಇರಬೇಕು, ಅಧಿಸೂಚನೆಯ ಕಾಗದ ಹಿಡಿದುಕೊಂಡು ನಾಳೆಯೇ ಕಚೇರಿಗೆ ಹೋಗಿ ಬೇಗ ಕೊಡಿ ಅಂತ ಕೇಳಿ ಅಂದ. ನಾನು ಆ ಅಧಿಸೂಚನೆ ಓದಿರಲಿಲ್ಲ. ಅವನು "ತಪ್ಪು" ಅಂದದ್ದನ್ನು ಮಾತ್ರ ಓದಿದೆ.

ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದೇ ಗೊಣಗು. ಹೆಂಡತಿಗೆ ಸಾಕಾಯಿತು. "ಅಷ್ಟಕ್ಕ ಯಾಕ ಒದ್ದಾಡಾಕತ್ತೀರಿ? ನಮ್ಮ ಮಂದಿಗಿ ಹೇಳ್ತೀನಿ ತಡೀರಿ," ಅಂದವಳೇ ತವರಿನವರ ವಾಟ್ಸಾಪ್ ಗುಂಪಿಗೆ ದನಿ ಮುದ್ರಿಸಿ ಕಳಿಸಿದಳು: "ಯಾರೋ ಒಬ್ಬಾವ ನಮ್ಮ ಮನೆಯವರಿಗಿ ಮರ್ಯಾದಿ ಇಲ್ಲದಂಗ ಬರದಾನ. ಎಲ್ಲರೂ ಇವರ ಉತ್ತರಕ್ಕ ಮ್ಯಾಲಿನ ಬಾಣ ಒತ್ರಿ, ಅವಂದಕ್ಕ ಕೆಳಗಿಂದು ಒತ್ರಿ."

ಆಕೆಯ ತವರು ಕಮಲಾಪುರ. ದೊಡ್ಡ ಮನೆತನ, ಕೆಂಪು ಬಾಳೆಯ ತೋಟ, ಅಂಗಡಿ, ಒಂದಿಬ್ಬರು ನೌಕರದಾರರು. ಆ ಮನೆಯನ್ನು ನಡೆಸುವವರು ನನ್ನ ಹೆಂಡತಿಯ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕಾ ಅನ್ನುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಅಂತ ಒಂದಿದೆ. ನಮ್ಮನೆ ಮದುವೆಗೆ ನೀವು ಸೀರೆ, ಕುಬಸದ ಖಣ ತಂದು ಕೊಟ್ಟರೆ ನಿಮ್ಮನೆ ಮದುವೆಗೆ ನಾವೂ ತರಬೇಕು. ಬಣ್ಣ ಚೆನ್ನಾಗಿದೆಯೋ, ಉಡುವವರಿಗೆ ಒಪ್ಪುತ್ತದೆಯೋ, ಯಾರೂ ನೋಡುವುದಿಲ್ಲ. ತಂದರೋ ಇಲ್ಲವೋ, ಅಷ್ಟೇ ಮಾತು. ಅಕ್ಕ ಈ ವಿಷಯದಲ್ಲಿ ಬಹಳ ಖಡಕ್. ಬಾಣವನ್ನೂ ಆಕೆ ಆಯೇರಿಯ ಹಾಗೇ ನಡೆಸಿದರು. ಒತ್ತದವರಿಗೆ ಫೋನ್ ಮಾಡಿ ಒತ್ತಿಸಿದರು. ಬೀಗರಿಗೂ ಹೇಳಿದರು, ಬೀಗರ ಬೀಗರಿಗೂ ಹೇಳಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಉತ್ತರ ಎಲ್ಲಕ್ಕಿಂತ ಮೇಲೆ, ಹಸಿರು ಗುರುತಿನ ಸಮೇತ. ಅಂಕಿಯವನ ಉತ್ತರ ಮಡಚಿಕೊಂಡು ತಳ ಸೇರಿತ್ತು.

ಆಯೇರಿಯನ್ನು ನಾನೂ ತಿರುಗಿಸಿದೆ ಅನ್ನಿ. ಅಕ್ಕನ ತಮ್ಮ ಕೆಟ್ಟ ಬೋರ್‌ವೆಲ್ ಮೋಟರಿನ ಬಗ್ಗೆ ಏನೋ ಬರೆದಾಗ ಮೇಲಿನ ಬಾಣ ಒತ್ತಿದೆ. ಮೋಟರಿನ ಬಗ್ಗೆ ನನಗೆ ತಿಳಿದಿರುವುದು ಅದರ ಗುಂಡಿ ಒಂದೇ.

ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ನನ್ನ ಹಳೆಯ ದೋಸ್ತ ಒಬ್ಬ ಇದ್ದಾನೆ. ಮನೆಯಲ್ಲಿ ಉರ್ದು, ಮೇಜಿನಲ್ಲಿ ಕನ್ನಡ, ನನ್ನ ಜೊತೆ ಎರಡೂ. ಮೊಬೈಲ್ ತೋರಿಸಿದೆ. ಕನ್ನಡಕ ಏರಿಸಿ ನೋಡಿ ನಕ್ಕ.

"ಕ್ಯಾ ಭಾಯಿ, ಇಲ್ಲಿ ನಿಮ್ಮ ಉತ್ತರ ಗೆದ್ದದೋ, ನಿಮ್ಮ ಬೀಗರು ಗೆದ್ದಾರೋ?"

"ಎರಡೂ ಗೆದ್ದಾವ ಅನ್ಕೋ," ಅಂದೆ. ಅವನ ಮಾತು ಅವತ್ತು ತಮಾಷೆಯಾಗಿ ಕೇಳಿತು.

ನಾಲ್ಕು ತಿಂಗಳಾಗಿರಬಹುದು. ಅಕ್ಕನ ಗಂಡನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಮಾತಾಡಿಸಿಕೊಂಡು ಬರೋಣ ಅಂತ ಒಂದು ಭಾನುವಾರ ಹೆಂಡತಿಯ ಜೊತೆ ಕಮಲಾಪುರದ ಬಸ್ಸು ಹತ್ತಿದೆ. ಊಟವಾಯಿತು. ದೊಡ್ಡವರು ಮಲಗಿದರು, ಅಕ್ಕ ಹೆಂಡತಿಯನ್ನು ಕರೆದುಕೊಂಡು ತೋಟಕ್ಕೆ ಹೋದರು. ಪಡಸಾಲೆಯಲ್ಲಿ ನಾನೊಬ್ಬನೇ ಇದ್ದಾಗ ಅಕ್ಕನ ಸೊಸೆ ಚಹಾ ತಂದಳು. ಬಿ.ಎಡ್. ಮಾಡಿದ ಹುಡುಗಿ, ಮದುವೆಯಾಗಿ ಎಂಟು ವರ್ಷ, ಮಾತು ಕಡಿಮೆ. ಕಪ್ಪು ಇಟ್ಟು ಹೋಗಲಿಲ್ಲ, ನಿಂತೇ ಇದ್ದಳು.

"ಮಾಮಾರ, ಒಂದು ಕಾಗದ ಓದಿ ಹೇಳ್ತೀರಿ?" ಅಂತ ಮೊಬೈಲ್ ಕೊಟ್ಟಳು.

ಓದಿದೆ. ಯಾವುದೋ ನೇಮಕಾತಿಯದು. ಅಂಕ ಚೆನ್ನಾಗಿಯೇ ಬಂದಿದ್ದವು. ಆದರೆ ಸ್ಥಳೀಯ ಪ್ರಮಾಣಪತ್ರದ ತಾರೀಖು ಕೊನೆಯ ದಿನ ದಾಟಿದ್ದರಿಂದ ಆ ಮೀಸಲಾತಿಗೆ ಪರಿಗಣಿಸಿಲ್ಲ, ಆಕ್ಷೇಪಣೆ ಇದ್ದರೆ ಏಳು ದಿನದೊಳಗೆ ಸಲ್ಲಿಸಿ ಅಂತ ಇತ್ತು.

"ಅಯ್ಯ, ಇದೇನವ್ವ ಇದು! ತಾರೀಖು ದಾಟಿಸಿ ಕೂತೀಯಲ್ಲ. ಯಾವ ಹುಚ್ಚಪ್ಯಾಲಿ ಹೇಳ್ದ ನಿನಗ ನಡೀತದ ಅಂತ?"

ಅವಳು ನನ್ನನ್ನೇ ನೋಡಿದಳು.

"ಮನಿಯಾಗ ನಾ ಇದ್ದೆ. ನನ್ನ ಒಂದು ಮಾತು ಕೇಳಬಾರದಾಗಿತ್ತೇನು?"

"ನಿಮಗೇ ಕೇಳಿದ್ದೆರಿ," ಅಂದಳು. ಮೊಬೈಲ್ ಇಸಿದುಕೊಂಡು, ಆ ಆ್ಯಪು ತೆರೆದು, ಹೂವಿನ ಚಿತ್ರದ ಪ್ರಶ್ನೆ ತೋರಿಸಿದಳು.

ನನ್ನ ಉತ್ತರ, ನಮ್ಮವರ ಬಾಣಗಳು, ಅವಳದೇ ಹಸಿರು ಗುರುತು.

ಅವಳು ಮೆಲ್ಲಗೆ ಹೇಳಿದಳು. ನೌಕರಿಗೆ ಅರ್ಜಿ ಹಾಕಿದ್ದು ಮನೆಯಲ್ಲಿ ಗೊತ್ತಿರಲಿಲ್ಲ. ಸಿಕ್ಕರೆ ಹೇಳೋಣ, ಸಿಗದಿದ್ದರೆ ಮಂದಿ ಆಡಿಕೊಳ್ಳುವುದು ಬೇಡ ಅಂತ ಹೆಸರು ಮುಚ್ಚಿಟ್ಟು ಕೇಳಿದ್ದಳು. ಅಂಕಿಯವನ ಉತ್ತರ ಓದಿ ನಾಳೆಯೇ ಕಲಬುರಗಿಗೆ ಹೋಗಬೇಕು, ಏನಾದರೂ ನೆಪ ಹೇಳಬೇಕು ಅಂದುಕೊಂಡಿದ್ದಳಂತೆ. ಅಷ್ಟರಲ್ಲಿ ಅತ್ತೆ ಬಂದು, ಮಾಮಾನ ಉತ್ತರಕ್ಕೆ ಒತ್ತು ಅಂತ ಮುಂದೆ ನಿಂತರು. ಒತ್ತಿದಳು. ಅವನದಕ್ಕೆ ಕೆಳಗಿನದು ಒತ್ತು ಅಂದರು. ಅದನ್ನೂ ಒತ್ತಿದಳು.

"ಆಮ್ಯಾಗ ನೋಡಿದ್ರ ಅಷ್ಟೊಂದು ಮಂದಿ ನಿಮ್ಮ ಕಡಿ ಇದ್ರು. ಅವಂದು ಯಾರೂ ಒಪ್ಪಿಲ್ಲ, ನಿಮ್ಮದೇ ಖರೇ ಇರಬೇಕು ಅನಿಸ್ತು."

"ಏ ಅವ್ವ, ಆ ಮಂದಿ ಯಾರು? ನಿಮ್ಮ ಅತ್ತಿ, ನಿನ್ನ ಗಂಡ, ನಿನ್ನ ನಾದಿನಿ! ನೀನೂ ಒತ್ತಿದಾಕಿನೇ ಅಲ್ಲ?"

"ಗೊತ್ತದರಿ ಮಾಮಾರ. ಆದ್ರೂ ನೋಡಿದ್ರ ಹಂಗ ಅನಿಸ್ತದ."

ಬಯ್ಯಬೇಕು ಅನಿಸಿತು. ಯಾರನ್ನು ಅಂತ ತಿಳಿಯಲಿಲ್ಲ. ಅವಳನ್ನೋ, ಅಕ್ಕನನ್ನೋ, ನನ್ನ ಪಕ್ಷ ವಹಿಸಿದ ಹೆಂಡತಿಯನ್ನೋ? ಒತ್ತಿದವರಲ್ಲಿ ಒಬ್ಬರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಮುಂದಿನ ವರ್ಷ ಹಾಕಿದರಾಯಿತು ಅನ್ನಲು ಬಾಯಿ ತೆರೆದೆ. ಅವಳೇ ತಡೆದಳು. "ವಯಸ್ಸು ಮೀರ್ತದರಿ. ಇದೇ ಕಡೇ ಸರ್ತಿ ಇತ್ತು." ಅಷ್ಟು ಹೇಳಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು, ಅದು ನೆನಪಾದದ್ದು ಆಮೇಲೆ.

ಮರುದಿನ ಮೇಜಿನ ಮುಂದೆ ಕೂತರೆ ಕೈ ಓಡಲಿಲ್ಲ. ನನ್ನ ಉತ್ತರ ಅಳಿಸಿಬಿಡೋಣ ಅಂತ ಹೋದೆ. ಹಸಿರು ಗುರುತು ಬಿದ್ದದ್ದನ್ನು ಬರೆದವರು ಅಳಿಸುವ ಹಾಗಿಲ್ಲ ಅಂತ ಆ್ಯಪು ಹೇಳಿತು. ಉತ್ತರದ ಮೊದಲ ಸಾಲಿಗೆ, ಇದನ್ನು ನಂಬಬೇಡಿ, ಕೆಳಗೆ ಮಡಚಿ ಬಿದ್ದಿರುವುದೇ ಸರಿ ಅಂತ ಸೇರಿಸಿದೆ. ಸಂಜೆಯೊಳಗೆ ಕಮಲಾಪುರದಿಂದ ಅದಕ್ಕೂ ಇಬ್ಬರು ಮೇಲಿನ ಬಾಣ ಒತ್ತಿದ್ದರು! ಓದಿ ಒತ್ತಿದರೋ, ನನ್ನ ಹೆಸರು ನೋಡಿ ಒತ್ತಿದರೋ, ದೇವರೇ ಬಲ್ಲ.

ದೋಸ್ತನಿಗೆ ಎಲ್ಲ ಹೇಳಿದೆ. ಈ ಸಲ ನಗಲಿಲ್ಲ. "ಅದೇ ಮಂದಿಗಿ ಹೇಳಿ ಆ ಅಂಕಿಯವಂದು ಮ್ಯಾಲ ಎತ್ತಸ್ರಲ್ಲ ಭಾಯಿ. ಖರೇದು ಮ್ಯಾಲ ಬರ್ತದ, ಖತಮ್."

ಸರಿ ಅನಿಸಿತು. ಅಕ್ಕನಿಗೆ ಫೋನ್ ಹಚ್ಚಿದೆ. ಪ್ರಶ್ನೆ ಯಾರದು ಅಂತ ಹೇಳದೆ, ಅವನ ಉತ್ತರಕ್ಕೆ ಒತ್ತಿಸಿರಿ ಅಂದೆ.

"ಅವಾ ಯಾರ್ರೀ ನಮಗ?" ಅಂದರು ಅಕ್ಕ. "ನಿಮಗ ಬೈದಾವನಲ್ಲ?"

"ಬೈದಿಲ್ಲ ಅಕ್ಕಾ. ಅವ ಖರೇ ಹೇಳಿದ್ದ."

"ಆತು ಬಿಡ್ರಿ, ನೀವು ಹೇಳ್ತೀರಿ ಅಂದ್ರ ಒತ್ತಸ್ತೀನಿ."

ಫೋನ್ ಇಟ್ಟ ಮೇಲೆ ಗೊಂದಲ ಇನ್ನೂ ಹೆಚ್ಚಿತು. ಖರೇ ಇದೆ ಅಂತ ಒತ್ತುವುದಿಲ್ಲವಂತೆ, ನಾನು ಹೇಳಿದೆ ಅಂತ ಒತ್ತುತ್ತಾರಂತೆ. ಹಾಗಾದರೆ ಅವನ ಉತ್ತರ ಮೇಲೆ ಬಂದರೂ ಅದು ನ್ಯಾಯವಾಯಿತೇ? ಒಂದು ಮಾತು ಸರಿ ಅಂತ ತಿಳಿಯಲು ಮಂದಿಯನ್ನು ಕೇಳಬಾರದೆಂದರೆ ಇನ್ನಾರನ್ನು ಕೇಳಬೇಕು? ಈ ಮೂರು ವರ್ಷದಲ್ಲಿ ನನಗೆ ಬಿದ್ದ ಹಸಿರು ಗುರುತುಗಳಲ್ಲಿ ಎಷ್ಟು ಉತ್ತರಕ್ಕೆ ಬಿದ್ದವು, ಎಷ್ಟು ಬೀಗತನಕ್ಕೆ ಬಿದ್ದವು? ಯೋಚಿಸಿ ತಲೆ ಗಿರ್ರೆಂದಿತು. ಅವತ್ತು ಒಬ್ಬ ಗಿರಾಕಿಯ ತಂದೆಯ ಹೆಸರಿನ ಜಾಗದಲ್ಲಿ ಅವನದೇ ಹೆಸರು ಬರೆದುಕೊಟ್ಟೆ.

ಬುಧವಾರ ಆ ಹುಡುಗಿ ಬಂದಳು. ಮಾವನ ಕಣ್ಣಿನ ಔಷಧಿ ತರುವ ನೆಪ. ಸ್ಟೇಶನ್ ಬಜಾರದಲ್ಲಿ ಔಷಧಿ ಕೊಂಡು, ಅಲ್ಲಿಂದ ಆಟೋ ಹಿಡಿದು ನನ್ನ ಮೇಜಿನ ಮುಂದೆ ಬಂದು ಕೂತಳು. ಆಕ್ಷೇಪಣೆ ಬರೆದುಕೊಡಬೇಕಂತೆ. ಅಷ್ಟು ಮನಸ್ಸಿಟ್ಟು ನಾನು ಯಾರಿಗೂ ಬರೆದವನಲ್ಲ. ಬರೆಯುವ ಮೊದಲು ಎದ್ದು ಕಚೇರಿಯೊಳಗೆ ಹೋದೆ, ಗುರುತಿನ ಗುಮಾಸ್ತರನ್ನು ಹಿಡಿದು ನಿಯಮ ಕೇಳಿದೆ, ಇನ್ನೊಬ್ಬರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಇಬ್ಬರೂ ನಡೆಯುವುದಿಲ್ಲ ಅಂತ ತಲೆ ಅಲ್ಲಾಡಿಸಿದರು. ಆದರೂ ಹೊರಗೆ ಬಂದು ಎರಡು ಪುಟ ಬರೆದೆ, ಮೂರು ಸಲ ಓದಿದೆ, ಪ್ರಿಂಟ್ ತೆಗೆದು ಸಹಿಗೆ ಕೊಟ್ಟೆ.

ಸಹಿ ಮಾಡಿ ಪೆನ್ನು ಹಾಗೇ ಹಿಡಿದುಕೊಂಡು ಕೇಳಿದಳು. "ಇದು ನಡೀತದೇನ್ರಿ ಮಾಮಾರ?"

"ಇಲ್ಲವ್ವ. ನಡೆಯಂಗಿಲ್ಲ ಅಂತ ಒಳಗ ಹೇಳಿದ್ರು. ಆದ್ರೂ ಕೊಡೂಣು." ಅಷ್ಟಾದರೂ ನಿಜ ಹೇಳಿದೆ.

ಅವಳು ಕಚೇರಿಯ ಬಾಗಿಲ ಕಡೆ ನೋಡಿದಳು. ನನ್ನ ಮೇಜಿನಿಂದ ಅದು ಇಪ್ಪತ್ತು ಹೆಜ್ಜೆ ದೂರ.

"ಅವತ್ತು ಅದು ನನ್ನ ಪ್ರಶ್ನಿ ಅಂತ ಗೊತ್ತಿದ್ರ, ನೀವು ಹಿಂಗೇ ಒಳಗ ಹೋಗಿ ಕೇಳಿ ಬಂದು ಬರೀತಿದ್ರಲ್ಲ?"

ಹೌದು ಅಂತ ತಲೆಯಾಡಿಸಿದೆ. ನಾಚಿಕೆಯಿಂದ ಸತ್ತುಹೋದೆ.

"ಬೇರೇದವರ ಪ್ರಶ್ನಿ ಅಂದ್ಕೊಂಡು ಕುಂತಲ್ಲೇ ಬರದ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಹಂಗಾರ ಈ ಊರಾಗ ನಿಮ್ಮಂಥ ಮಾಮಾ ಇಲ್ಲದವರು ಯಾರಿಗಿ ಕೇಳಬೇಕ್ರಿ?"