ಏಡಿಯ ರುಚಿ ಹೇಳುವುದು ಹೇಗೆ

ಮಾಂಸಾಹಾರಿ ಎಂದು ಹೇಳಿಕೊಂಡೇ ನಾನು ಅರ್ಧ ಆಯುಷ್ಯ ಕಳೆದೆ. ನಿಜ ಹೇಳಬೇಕೆಂದರೆ ನಾನು ಬರೀ ಕೋಳಿಯಾಹಾರಿ. ಕೋಳಿಯಲ್ಲೂ ಎದೆಯ ಭಾಗ, ಅದರಲ್ಲೂ ಮೂಳೆ, ಚರ್ಮ ಯಾವುದೂ ಇಲ್ಲದ, ಇದೊಂದು ಕಾಲದಲ್ಲಿ ತಿಪ್ಪೆ ಕೆದಕಿಕೊಂಡು ಓಡಾಡಿಕೊಂಡಿತ್ತು ಎಂಬ ಸುಳಿವನ್ನೇ ಕೊಡದ ತುಂಡು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಎತ್ತಿ ಪಕ್ಕಕ್ಕೆ ಹಾಕಬೇಕು. ದಿನವಿಡೀ ಬೇಡ ಬೇಡ ಎನ್ನುವ ಕಸುಬಿನವನು ಊಟಕ್ಕೆ ಕುಳಿತಾಗ ಮಾತ್ರ ಬೇಕು ಬೇಕು ಎನ್ನುವುದು ಸಾಧ್ಯವೇ?

ನಮ್ಮ ಕ್ಯಾಂಟೀನಿನಲ್ಲಿ ಕುಳಿತು ನಾನು ಕಂಡುಕೊಂಡ ಒಂದು ಸಂಗತಿಯಿದೆ. ಪ್ರತಿಯೊಬ್ಬರ ತಟ್ಟೆಯ ಸುತ್ತಲೂ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ಗೆರೆಯಿಂದ ಈಚೆಗಿರುವುದು ಊಟ, ಆಚೆಗಿರುವುದು ಪ್ರಾಣಿ. ಕೊಪ್ಪಳ ಕಡೆಯ ಒಬ್ಬ ಗೆಳೆಯ ರೊಟ್ಟಿಯ ಜೊತೆ ಕುರಿಯ ಕರುಳನ್ನು ಕಣ್ಣುಮುಚ್ಚಿ ಸವಿಯುತ್ತಿದ್ದ. ಅವನೇ ಪಕ್ಕದವನ ಡಬ್ಬಿಯಲ್ಲಿ ಸಿಗಡಿ ಕಂಡು, "ಏನ್ರಿ ಇದು, ಹುಳಾ ತಿನ್ನಾಕತ್ತೀರಲ್ರಿ" ಎಂದು ಕುರ್ಚಿ ಸರಿಸಿಕೊಂಡು ದೂರ ಕೂತ. ಸಿಗಡಿಯವನು ಕರುಳು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದ. ಇಬ್ಬರ ನಡುವೆ ನಾನು ನನ್ನ ಕೋಳಿಯೆದೆಯನ್ನು ಇಟ್ಟುಕೊಂಡು, ಇವರಿಬ್ಬರಿಗಿಂತ ನಾನೇ ನಾಗರಿಕ ಎಂದುಕೊಂಡು ಕೂತಿರುತ್ತಿದ್ದೆ.

ಇಂಥವನಿಗೆ ಬೇಗೂರಿನ ರತ್ನಳನ್ನು ತಂದು ಮದುವೆ ಮಾಡಿದ್ದರು. ಆಗಿನ್ನೂ ಬೇಗೂರು ನಗರಕ್ಕೆ ಸೇರದ ಹಳ್ಳಿಯಾಗಿತ್ತು. ರತ್ನಳ ತವರಿನವರಿಗೆ ಗದ್ದೆಯಿತ್ತು, ಗದ್ದೆಗೆ ಕೆರೆಯ ನೀರಿತ್ತು, ಬದುವಿನ ಬಿಲಗಳಲ್ಲಿ ಏಡಿಗಳಿದ್ದವು. ಅವಳು ಬಾಲ್ಯದಲ್ಲಿ ತಿಂದದ್ದನ್ನು ಹೇಳಲು ಶುರುಮಾಡಿದರೆ ನಾನು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಕೆರೆಯ ಬಸವನಹುಳು, ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಏಳುವ ಈಸಲು ಹುಳ ಹುರಿದದ್ದು, ಕುರಿಯ ತಲೆ, ಕಾಲು, ಕರುಳು. ನೆಗಡಿಯಾದರೆ ಅವಳಮ್ಮ ಹಸಿ ಏಡಿಯನ್ನು ಒರಳಲ್ಲಿ ಕುಟ್ಟಿ, ರಸ ಸೋಸಿ, ಮೆಣಸು ಹಾಕಿ ಸಾರು ಮಾಡಿ ಕುಡಿಸುತ್ತಿದ್ದರಂತೆ. "ಅದನ್ನ ಕುಡಿಯೋಕೆ ಅಂತಾನೇ ನಾನು ಮಳೇಲಿ ನೆನೀತಿದ್ದೆ" ಎನ್ನುತ್ತಿದ್ದಳು.

ನಾಗಸಂದ್ರದ ನಮ್ಮ ಬಾಡಿಗೆ ಮನೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಎರಡು ಒಲೆಗಳಲ್ಲಿ ಎರಡು ಸಂಸಾರ ನಡೆಯಿತು. ನನಗೆ ಕೋಳಿ, ಅವಳಿಗೆ ಪುಟ್ಟ ಬಾಣಲೆಯಲ್ಲಿ ಕುರಿಯ ಕರುಳಿನ ಬೋಟಿ ಗೊಜ್ಜು. ನಾನು ಎರಡನೇ ಪಾಳಿಗೆ ಹೊರಟ ದಿನವೆಂದರೆ ಅವಳಿಗೆ ಹಬ್ಬ. ಕುದಿಯುವ ಸಾರಿನ ಹಬೆಗೆ ಮುಖ ಒಡ್ಡಿಯೇ ಉಪ್ಪು ಹೆಚ್ಚೋ ಕಮ್ಮಿಯೋ ಹೇಳಿಬಿಡುತ್ತಿದ್ದಳು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವವರನ್ನು ಕಂಡರೆ ಅವಳಿಗೆ ಸಣ್ಣ ತಿರಸ್ಕಾರವಿತ್ತು.

ಆ ಮೂಗನ್ನೇ ಒಂದು ಜ್ವರ ತೆಗೆದುಕೊಂಡು ಹೋಯಿತು.

ಊರಲ್ಲೆಲ್ಲ ಸುತ್ತುತ್ತಿದ್ದ ಜ್ವರ ನಮ್ಮನೆಗೂ ಬಂದು, ನನ್ನನ್ನು ಮುಟ್ಟಿದ ಹಾಗೆ ಮಾಡಿ, ಅವಳನ್ನು ಮಲಗಿಸಿತು. ಮೈ ಬಿಸಿ ಇಳಿದು, ಕೆಮ್ಮು ಹೋಗಿ, ಎಲ್ಲ ಮುಗಿಯಿತು ಎಂದುಕೊಂಡಾಗ ಅವಳು ಕಾಫಿ ಕುಡಿದು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಪುಡಿ ಹಾಕೋದು ಮರೆತ್ರಾ?" ಎಂದಳು. ನಾನು ಮರೆತಿರಲಿಲ್ಲ. ಅವತ್ತಿನಿಂದ ಅವಳಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಡಾಕ್ಟರು ಕಾಯಬೇಕು ಎಂದರು. ಎಷ್ಟು ದಿನ ಎಂದು ಕೇಳಿದರೆ ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡ ಎಂದರು. ಕೆಲವರಿಗೆ ಬರುವುದೇ ಇಲ್ಲ ಎಂಬ ಮೂರನೆಯ ಮಾತನ್ನು ಅವರು ಹೇಳಲಿಲ್ಲ, ಆದರೆ ನಮ್ಮಿಬ್ಬರಿಗೂ ಕೇಳಿಸಿತು.

ಒಂದು ದಿನ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗುವವರೆಗೆ ಅವಳು ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅಂದಿನಿಂದ ಅಡುಗೆಮನೆಗೆ ಹೋಗಲು ಹೆದರತೊಡಗಿದಳು. ಮಾಂಸ ಬಿಟ್ಟಳು. "ಬಟ್ಟೆ ಅಗಿದಂಗಾಗುತ್ತೆ" ಎನ್ನುತ್ತಿದ್ದಳು. ಆಮೇಲೆ ಊಟವನ್ನೇ ಅರ್ಧಕ್ಕೆ ನಿಲ್ಲಿಸತೊಡಗಿದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಆಗ ಇಳಿದು ಬಂದವಳು ಮಹಡಿಯ ಕುಸುಮ. ಅವಳ ಗಂಡ ನಮ್ಮ ಕಾರ್ಖಾನೆಯವನೇ. ಇಬ್ಬರೂ ಉಡುಪಿ ಕಡೆಯವರು. ಊರಿನಿಂದ ರಾತ್ರಿ ಬಸ್ಸಿಗೆ ಹಾಕಿದ ಮೀನು, ಐಸಿನ ಡಬ್ಬಿಯಲ್ಲಿ ಬೆಳಗ್ಗೆ ಅವರ ಮನೆ ಸೇರುತ್ತಿತ್ತು. ಕುಸುಮ ಒಂದು ಮುಚ್ಚಿದ ಪಾತ್ರೆ ತಂದು ರತ್ನಳ ಮುಂದಿಟ್ಟಳು. ರತ್ನ ಬೇಡವೆಂದು ತಲೆಯಾಡಿಸಿದಳು.

"ನನಗೆ ರುಚಿನೇ ಗೊತ್ತಾಗಲ್ಲ ಕಣೇ. ಸುಮ್ನೆ ಯಾಕೆ ಹಾಳು?"

"ರುಚಿ ಇಲ್ಲದಿದ್ರೆ ಎಂತ ಆಯ್ತು ಅಕ್ಕ? ಹಲ್ಲು ಉಂಟಲ್ವಾ?" ಎಂದಳು ಕುಸುಮ.

ಪಾತ್ರೆಯಲ್ಲಿದ್ದದ್ದು ಬೊಂಡಾಸ್. ಸಮುದ್ರದಲ್ಲಿ ಹತ್ತು ಕಾಲು ಬೀಸಿಕೊಂಡು ಈಜುವ ಮೂಳೆಯಿಲ್ಲದ ಜೀವಿ. ಅದನ್ನು ಬಳೆಗಳ ಹಾಗೆ ಕತ್ತರಿಸಿ, ಕಾಯಿತುರಿ ಹಾಕಿ ಸುಕ್ಕ ಮಾಡಿದ್ದಳು. ರತ್ನ ಒಂದು ಬಳೆ ಬಾಯಿಗೆ ಹಾಕಿಕೊಂಡು ಅಗಿದಳು. ಇನ್ನೊಂದು ಹಾಕಿಕೊಂಡಳು. ಮೆತ್ತಗಿದ್ದೂ ಹಲ್ಲಿಗೆ ಎದುರು ನಿಲ್ಲುವ ಆ ಗುಣ ಅವಳಿಗೆ ಹಿಡಿಸಿಬಿಟ್ಟಿತು. ಎಷ್ಟೋ ವಾರಗಳ ಮೇಲೆ ಅವಳ ತಟ್ಟೆ ಖಾಲಿಯಾದದ್ದು ಅವತ್ತು.

"ಏನೂ ಗೊತ್ತಾಗ್ತಿಲ್ಲ. ಆದ್ರೆ ಅಗಿಯೋಕೆ ಸಕ್ಕತ್ತಾಗಿದೆ" ಎಂದವಳೇ ನನ್ನ ಕಡೆ ತಿರುಗಿದಳು. "ರೀ, ನೀವು ತಿಂದು ಹೇಳಿ. ಇದ್ರ ರುಚಿ ಹೆಂಗಿದೆ?"

ಬೇರೆ ಯಾರು ಕೇಳಿದ್ದರೂ ನಾನು ಬಾಗಿಲ ಕಡೆ ನಡೆದಿರುತ್ತಿದ್ದೆ. ಅವಳು ಕೇಳಿದ ರೀತಿ ಇಲ್ಲವೆನ್ನುವಂತಿರಲಿಲ್ಲ. ಉಸಿರು ಬಿಗಿಹಿಡಿದು ಒಂದು ಬಳೆ ಬಾಯಿಗೆ ಹಾಕಿಕೊಂಡೆ. ಅಗಿದೆ. ಬಹಳ ಹೊತ್ತು ಅಗಿದೆ.

"ವಾಷರ್ ಥರ ಇದೆ" ಎಂದೆ.

"ನಮ್ಮ ಬೊಂಡಾಸಿಗೆ ವಾಷರ್ ಅಂತೀರಲ್ಲ ಮಾರಾಯ್ರೆ" ಎಂದು ಕುಸುಮ ಹಣೆ ಚಚ್ಚಿಕೊಂಡಳು. ರತ್ನ ನಕ್ಕಳು. ಜ್ವರದ ನಂತರ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿಗಾಗಿ ನಾನು ಇನ್ನೂ ಏನೇನು ತಿನ್ನಬೇಕಾದೀತು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಹಾಗೆ ಶುರುವಾಯಿತು ನಮ್ಮ ಭಾನುವಾರಗಳ ತಿರುಗಾಟ. ಅವಳ ಹಲ್ಲಿಗೆ ಹೊಸತೇನಾದರೂ ಬೇಕು, ನನ್ನ ನಾಲಿಗೆ ಅದಕ್ಕೆ ಸಾಕ್ಷಿ ಹೇಳಬೇಕು. ಈ ಸಾಕ್ಷಿ ಹೇಳುವ ಕೆಲಸ ಸುಲಭದ್ದೆಂದು ತಿಳಿಯಬೇಡಿ. ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರುಚಿ ಎಣಿಸಿ ಕೈತೊಳೆದುಕೊಂಡರು. ಅವರು ಕೌಜುಗ ಎಂಬ ಪುಟ್ಟ ಹಕ್ಕಿಯನ್ನು ತಿಂದಿದ್ದರೆ ಏಳನೆಯದಕ್ಕೆ ಹುಡುಕಾಡುತ್ತಿದ್ದರೇನೋ. ಕೌಜುಗ ಈ ಆರರಲ್ಲಿ ಯಾವುದು? ಅದು ಕೋಳಿಯ ಹಾಗಿದೆ, ಆದರೆ ಕೋಳಿ ಏನನ್ನೋ ಯೋಚಿಸುತ್ತಿರುವ ಹಾಗಿದೆ. ನಾನು ಹೀಗೇ ಹೇಳಿದೆ. ರತ್ನ ಒಂದು ಸಣ್ಣ ಮೂಳೆಯನ್ನು ಕಡಿದು, "ಅರ್ಥ ಆಯ್ತು" ಎಂದಳು. ಮೊಲವನ್ನು ಮಾತ್ರ ನಮ್ಮಿಬ್ಬರಿಗೂ ಮುಟ್ಟಲಾಗಲಿಲ್ಲ. ಎಲ್ಲವನ್ನೂ ತಿಂದು ಬೆಳೆದ ಅವಳೇ ತಟ್ಟೆ ಸರಿಸಿ, "ಬೇಡ, ಅದ್ರ ಸಾಧು ಮುಖ ನೆನಪಾಗುತ್ತೆ" ಎಂದಾಗ, ಗೆರೆ ಅವಳಿಗೂ ಇದೆ ಎಂದು ನನಗೆ ಸಮಾಧಾನವಾಯಿತು.

ಒಮ್ಮೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ, ಪಟ್ಟಂದೂರು ಅಗ್ರಹಾರಕ್ಕೆ ಹೋದೆವು. ಅಲ್ಲಿ ಕಚೇರಿಗಳ ಗಾಜಿನ ಗೋಡೆಗಳ ಹಿಂದೆ ಒಂದು ಸಮುದ್ರಾಹಾರದ ಹೋಟೆಲಿದೆ ಎಂದು ಕುಸುಮ ಹೇಳಿದ್ದಳು. ಸುತ್ತ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಎಳೆಯರು, ನಡುವೆ ನಾವಿಬ್ಬರು. ಆಕ್ಟೋಪಸ್ ತರಿಸಿದೆವು. ಅದರ ಪುಟ್ಟ ತೋಳುಗಳು ಸುರುಳಿ ಸುತ್ತಿಕೊಂಡು ನನ್ನನ್ನೇ ಕರೆಯುವಂತಿದ್ದವು.

"ಫಸ್ಟ್ ಟೈಮಾ ಸಾರ್?" ಎಂದು ಬಡಿಸುವವನು ಕೇಳಿದ.

"ಅವರಿಗೆ ಎಲ್ಲಾನೂ ಫಸ್ಟ್ ಟೈಮೇ ಕಣಪ್ಪ" ಎಂದಳು ರತ್ನ.

ತಿಂದೆ. ಬೊಂಡಾಸಿಗಿಂತ ಮೆದು, ಸುಟ್ಟ ಅಂಚಿನಲ್ಲಿ ಜೋಳದ ತೆನೆಯ ನೆನಪು, ಒಳಗೆ ತೆಳ್ಳಗೆ ಉಪ್ಪು ಎಂದೆ. ಪಕ್ಕದ ಮೇಜಿನ ಹುಡುಗಿಯರು ಕಿವಿಗೊಟ್ಟು ಕೇಳಿ ತಾವೂ ಅದನ್ನೇ ತರಿಸಿದರು. ಅಷ್ಟು ವರ್ಷ ನಾವಿಬ್ಬರೂ ಊಟ ಮಾಡುವಾಗ ಟಿವಿ ನೋಡುತ್ತಿದ್ದೆವು. ಈಗ ಪ್ರತಿ ತುತ್ತಿಗೂ ನಾನು ಏನಾದರೂ ಹೇಳಬೇಕಿತ್ತು, ಅವಳು ನನ್ನ ಮುಖವನ್ನೇ ನೋಡುತ್ತ ಅಗಿಯುತ್ತಿದ್ದಳು. ಹೊಸದಾಗಿ ಮದುವೆಯಾದಾಗಲೂ ನಾವು ಹೀಗೆ ಮಾತಾಡಿರಲಿಲ್ಲ.

ಇದೆಲ್ಲ ಬೇಗೂರಿನಲ್ಲಿದ್ದ ಅವಳಣ್ಣ ನಂಜಪ್ಪನ ಕಿವಿಗೆ ಬಿತ್ತು. ಗದ್ದೆಯಿದ್ದ ಜಾಗದಲ್ಲಿ ಈಗ ಅವನ ಬಾಡಿಗೆ ಮನೆಗಳು ನಿಂತಿವೆ, ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿದ್ದಾರೆ. ಹೋಟೆಲಿನದೆಲ್ಲ ತಿಂದರೆ ನಾಲಿಗೆ ಹೇಗೆ ಸರಿಹೋಗುತ್ತದೆ ಎಂದು ಅವನು ಫೋನಿನಲ್ಲೇ ರೇಗಿದ. ಮುಂದಿನ ಭಾನುವಾರ ನಾವು ಹೋಗುವ ಹೊತ್ತಿಗೆ ಆನೇಕಲ್ ದಾಟಿ, ಇನ್ನೂ ಗದ್ದೆ ಉಳಿದಿರುವ ಯಾವುದೋ ಊರಿನಿಂದ ಒಂದು ಬಕೆಟ್ ಏಡಿ ತಂದಿಟ್ಟುಕೊಂಡಿದ್ದ. ಮೆಟ್ಟಿಲ ಕೆಳಗೆ ಬಿದ್ದಿದ್ದ ಅವರಮ್ಮನ ಒರಳನ್ನು ತೊಳೆದಿದ್ದ. ತಾನೇ ಕುಟ್ಟಿದ, ತಾನೇ ಬಟ್ಟೆಯಲ್ಲಿ ಸೋಸಿದ. ಹೆಂಡತಿಯನ್ನೂ ಒಲೆಯ ಹತ್ತಿರ ಬಿಡಲಿಲ್ಲ.

"ಅಮ್ಮ ಮಾಡ್ತಿದ್ದಂಗೇ ಮಾಡಿವ್ನಿ ಕಣ್ ರತ್ನಿ. ಬಿಸಿ ಆರಕ್ ಮುಂಚೆ ಕುಡಿ" ಎಂದು ಬಟ್ಟಲನ್ನು ಅವಳ ಕೈಗಿಟ್ಟ.

ಅವಳು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು. ನಾವು ಕಾದೆವು. ಇನ್ನೊಂದು ಗುಟುಕು ಕುಡಿದಳು. ಆಮೇಲೆ ನಿಧಾನಕ್ಕೆ ಬಟ್ಟಲನ್ನು ಕೆಳಗಿಟ್ಟಳು.

"ಬಿಸಿ ಐತೆ ಅಣ್ಣ. ಅಷ್ಟೇಯ" ಎಂದಳು.

ಅವಳ ಕಣ್ಣು ತುಂಬಿತ್ತು. "ಅಮ್ಮ ವೋದ್ರೂ ಇದೊಂದ್ ಇರ್ತದೆ ಅನ್ಕಂಡಿದ್ದೆ" ಎಂದಳು. ಬೊಂಡಾಸ್, ಆಕ್ಟೋಪಸ್ ಯಾವುದೂ ರುಚಿಸದಿದ್ದಾಗ ಅಳದವಳು ಅಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಹೊಸದರ ರುಚಿ ಗೊತ್ತಾಗದಿದ್ದರೆ ಕಳೆದುಕೊಂಡದ್ದೇನೂ ಇಲ್ಲ. ಇದು ಹಾಗಲ್ಲ ಎಂದು ನನಗೂ ಅರ್ಥವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ನೀವು ಕುಡೀರಿ. ಕುಡಿದು ಹೇಳಿ."

ಕುಡಿದೆ. "ಮೊದ್ಲು ಮೆಣಸು ಬರುತ್ತೆ" ಎಂದೆ. "ಅದು ಹೋದ್ಮೇಲೆ ಮಳೆ ಬಿದ್ದ ಮಣ್ಣಿನ ಥರ ಏನೋ ಒಂದು. ಆಮೇಲೆ ಸಣ್ಣಗೆ ಸಿಹಿ."

"ಸಿಹಿ ಎಲ್ಲಿ? ನಾಲಿಗೆ ಮ್ಯಾಲಾ, ಗಂಟಲಲ್ಲಾ?"

ಇನ್ನೊಂದು ಗುಟುಕು ಕುಡಿದು ನೋಡಿದೆ. "ಗಂಟಲಲ್ಲಿ. ನುಂಗಿದ ಮೇಲೆ ಬರುತ್ತೆ."

ಅವಳು ಕಣ್ಣು ಮುಚ್ಚಿ ಕೂತಳು. ಗಂಟಲು ಒಮ್ಮೆ ಅಲುಗಿತು. "ಅಂಗಾದ್ರೆ ಸರ್ಯಾಗೈತೆ ಅಣ್ಣ" ಎಂದಳು. "ಅಮ್ಮಂದೂ ಅಂಗೇ ಇರ್ತಿತ್ತು."

ನಂಜಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಬಾಡಿಗೆಯವರು ಕರೆದರೇನೋ ಎಂಬಂತೆ ಹೊರಗೆ ಎದ್ದುಹೋದ. ಬಟ್ಟಲಲ್ಲಿ ಉಳಿದದ್ದನ್ನು ನಾನು ಕುಡಿದೆ. ಅಷ್ಟು ರುಚಿಯಾದದ್ದನ್ನು ನನ್ನ ಜೀವಮಾನದಲ್ಲಿ ತಿಂದಿರಲಿಲ್ಲ, ಕುಡಿದಿರಲಿಲ್ಲ. ಆ ಮಾತನ್ನು ಅಂದು ಅವಳೆದುರು ಹೇಳಲು ಬಾಯಿ ಬರಲಿಲ್ಲ.

ಮೂಗು ಮರಳಿ ಬಂದದ್ದು ಇಂಥ ಯಾವ ಸಮಾರಂಭವೂ ಇಲ್ಲದೆ. ಚಳಿಗಾಲ ಕಳೆದ ಮೇಲೆ ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಟು ಶೂ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ರತ್ನ ಮುಖ ಸಿಂಡರಿಸಿ, "ಏನಿದು ನಾತ, ಬೆಳಬೆಳಗ್ಗೇನೇ ಒಣಮೀನು ಸುಡ್ತಿದಾರೆ" ಎಂದಳು. ಎಂದವಳು ಹಾಗೇ ನಿಂತಳು. ನಾನೂ ಒಂದೇ ಶೂನಲ್ಲಿ ನಿಂತೆ. ಮರುಕ್ಷಣ ಅವಳು ಮೆಟ್ಟಿಲು ಹತ್ತಿ ಓಡಿದಳು, ನಾನು ಕುಂಟುತ್ತ ಹಿಂದೆ ಹೋದೆ. ಕುಸುಮ ನಮ್ಮಿಬ್ಬರ ಅವತಾರ ನೋಡಿ ಜಗಳಕ್ಕೆ ಬಂದರೆಂದೇ ತಿಳಿದಳು.

"ವಾಸನೆ ಬಂತಾ ಅಕ್ಕ? ಕಿಟಕಿ ಹಾಕ್ತೇನೆ, ಬೇಜಾರು ಮಾಡ್ಬೇಡಿ ಆಯ್ತಾ."

"ಹಾಕ್ಬೇಡ" ಎಂದಳು ರತ್ನ, ಒಲೆಯ ಹತ್ತಿರಕ್ಕೆ ಹೋಗಿ ನಿಂತು. "ಹಾಕ್ಬೇಡ ಕಣೇ. ಇನ್ನೊಂದೆರಡು ಸುಡು."

ಬಂದ ಮೂಗು ಹೋದ ಮೂಗಿನ ಹಾಗಿರಲಿಲ್ಲ. ಕಾಫಿ ಕೆಲವು ತಿಂಗಳು ಸುಟ್ಟ ರಬ್ಬರಿನಂತಿತ್ತಂತೆ. ಕುರಿ ಮಾಂಸ ಇಂದಿಗೂ ಅವಳಿಗೆ ಒಗ್ಗುತ್ತಿಲ್ಲ. ಪುಟ್ಟ ಬಾಣಲೆಯಲ್ಲಿ ಬೋಟಿ ಗೊಜ್ಜನ್ನು ಈಗ ನಾನೇ ಮಾಡಿಕೊಳ್ಳುತ್ತೇನೆ, ಅವಳು ಕಿಟಕಿ ತೆರೆಯುತ್ತಾಳೆ. ಒಣಮೀನು ಮತ್ತು ಬೊಂಡಾಸ್ ಅವಳ ಪಾಲಿಗೆ ಗೆರೆಯಿಂದ ಈಚೆ ಬಂದಿವೆ. ಏಡಿ ಸಾರು ಕುಡಿದಾಗ ಸಿಹಿ ಗಂಟಲಿನ ತನಕ ಬರುತ್ತದೆ, ಆದರೆ ಮಣ್ಣಿನ ಘಮ ಇನ್ನೂ ಬಂದಿಲ್ಲ ಎನ್ನುತ್ತಾಳೆ. ಅಣ್ಣನಿಗೆ ಅದನ್ನು ಹೇಳಿಲ್ಲ. ನನ್ನ ಕ್ಯಾಂಟೀನಿನ ಗೆಳೆಯರು ಈಗ ನನ್ನ ಡಬ್ಬಿ ತೆರೆಯುವ ಮೊದಲು ಏನಿದೆ ಎಂದು ವಿಚಾರಿಸಿಕೊಂಡು ಕೂರುತ್ತಾರೆ.

ಕಳೆದ ಭಾನುವಾರ ಕುಸುಮ ಮರುವಾಯಿ ಮಾಡಿದ್ದಳು. ನದಿ ಸಮುದ್ರ ಸೇರುವಲ್ಲಿ ಸಿಗುವ ಸಣ್ಣ ಚಿಪ್ಪು, ಒಳಗೆ ಉಗುರಿನಷ್ಟು ಮಾಂಸ. ನಮ್ಮಿಬ್ಬರಿಗೂ ಹೊಸದು. ಅಭ್ಯಾಸಬಲದಿಂದ ನಾನು ಮೊದಲು ತಿಂದು, ಕಣ್ಣು ಮುಚ್ಚಿ, "ಎಳನೀರಿನ ಗಂಜಿ ಥರ ಇದೆ. ಹಿಂದೆ ಒಂದು ತೆಳು ಸಿಹಿ" ಎಂದೆ.

"ಎಲ್ಲಿದೆ ಸಿಹಿ?" ಎಂದಳು ರತ್ನ, ಇನ್ನೊಂದು ಚಿಪ್ಪು ಬಿಡಿಸುತ್ತ. "ಉಪ್ಪು ಮುಂದಾಗಿದೆ, ಒಂದೆರಡರಲ್ಲಿ ಮರಳಿದೆ. ನಿಮ್ಮ ಮಾತು ಕೇಳ್ಕೊಂಡು ಇಷ್ಟು ದಿನ ನಾನು ಏನೇನು ನಂಬಿದ್ನೋ."

ಅಷ್ಟು ತಿಂಗಳು ನಾನು ಹೇಳಿದ್ದನ್ನೆಲ್ಲ ಅವಳು ಎದುರಾಡದೆ ಒಪ್ಪಿದ್ದಳು. ಯಾವ ಗಂಡನಿಗೂ ಅಂಥ ಸೌಭಾಗ್ಯ ಬಹುಕಾಲ ಒಳ್ಳೆಯದಲ್ಲ. ನಾನು ತಲೆದೂಗಿ, ಮರಳಿಲ್ಲದ ಚಿಪ್ಪುಗಳನ್ನು ಆರಿಸಿ ಅವಳ ಕಡೆ ಸರಿಸಿದೆ.