ಬೆನ್ನು ತಿರುಗಿಸಿದ ಗಾಲಿಕುರ್ಚಿ

ಗ್ರೀಕರ ವೋಲೊಸ್ ಬಂದರಿನ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವ ಲೆಫ್ತೆರಿಸನಿಗೆ ಒಂದು ವರಸೆಯಿತ್ತು. ಎರಡನೇ ಮಹಡಿಯ ಕೊನೆಯ ಬಾಗಿಲು ಬಂತೆಂದರೆ ಕುರ್ಚಿಯನ್ನು ಗಿರಕ್ಕನೆ ತಿರುಗಿಸಿ, ರೋಗಿಯ ಬೆನ್ನು ಬಾಗಿಲಿಗೆ ಬರುವಂತೆ ಮಾಡಿ ಒಳಗೆಳೆದುಕೊಳ್ಳುತ್ತಿದ್ದ. ಹೊಸಿಲು ಎತ್ತರ, ಹೀಗಾದರೆ ಸಲೀಸು ಎನ್ನುತ್ತಿದ್ದ. ಹೊಸಿಲೋ, ನೆಲಕ್ಕೆ ಸಮವಾಗಿತ್ತು.

ಬಾಗಿಲ ಮೇಲಿನ ಫಲಕವನ್ನು ರೋಗಿಗಳು ಓದಬಾರದು, ಅಷ್ಟೇ. ಕ್ಯಾನ್ಸರ್ ವಿಭಾಗಕ್ಕೆ ಹೇಳುವ ಆಂಕಾಲಜಿ ಎಂಬ ಪದ ಪರದೇಶದವರಿಗೆ ಕಬ್ಬಿಣದ ಕಡಲೆ. ಆ ಪದದ ಮರೆಯಲ್ಲಿ ವೈದ್ಯರು ಒಂದಷ್ಟು ದಿನ ಅಡಗಿಕೊಳ್ಳಬಹುದು. ಗ್ರೀಕರಿಗೆ ಆ ಅನುಕೂಲವಿಲ್ಲ. ಅವರ ಮನೆಮಾತಿನಲ್ಲೇ ಒಂಗೊಸ್ ಎಂದರೆ ಗಡ್ಡೆ. ಅದನ್ನು ನೋಡುವ ಡಾಕ್ಟರು ಒಂಗೊಲೊಗೊಸ್, ಆ ವಾರ್ಡು ಒಂಗೊಲೊಯಿಕೊ. ಮೀನು ಮಾರುವವಳೂ ಒಮ್ಮೆ ತಲೆಯೆತ್ತಿದರೆ ಎಲ್ಲವೂ ತಿಳಿದುಹೋಗುತ್ತದೆ. ಅದಕ್ಕೇ ಮನೆಯವರು ಕಾಯಿಲೆಯ ಹೆಸರೆತ್ತದೆ ‘ಆ ಕೆಟ್ಟದ್ದು’ ಎಂದು ಪಿಸುಗುಟ್ಟಿ, ಕೆಡುಕು ತಟ್ಟದಿರಲೆಂದು ಕೈಗೆ ಸಿಕ್ಕ ಮರ ಕುಟ್ಟಿ, ರೋಗಿಗೆ ಮಾತ್ರ ರಕ್ತ ಕಡಿಮೆ ಎಂದೋ ಹೊಟ್ಟೆಹುಣ್ಣು ಎಂದೋ ಹೇಳಿಬಿಡುತ್ತಾರೆ. ಅದು ಸರಿಯೋ ತಪ್ಪೋ ದೇವರೇ ಬಲ್ಲ. ಪ್ರೀತಿಯಿಂದ ಹೇಳುವ ಸುಳ್ಳಂತೂ ಹೌದು.

ಒಂದು ದಿನ ಲೆಫ್ತೆರಿಸನ ಹೆಂಡತಿ ಸ್ಮಾರೊಗೇ ಆ ಬಾಗಿಲಿಗೆ ಹೋಗಬೇಕಾಗಿ ಬಂತು. ಮಗಳು ಫೋತಿನಿ ಅಪ್ಪನಿಂದ ಆಣೆ ಹಾಕಿಸಿಕೊಂಡಳು. ಅಮ್ಮನಿಗೆ ತಿಳಿದರೆ ಅಂದೇ ಎದೆ ಒಡೆದುಕೊಳ್ಳುತ್ತಾಳೆ, ರಕ್ತ ಕಡಿಮೆ ಎಂದಷ್ಟೇ ಹೇಳು ಎಂದಳು. ಲೆಫ್ತೆರಿಸ್ ಒಪ್ಪಿದ. ಸ್ಮಾರೊ ಇಲ್ಲದ ಮನೆಯನ್ನು ನೆನೆಯುವುದೂ ಅವನಿಗೆ ಬೇಡವಾಗಿತ್ತು. ಬೇರೆಯವರಿಗೆ ಬಿಡದೆ ಕುರ್ಚಿಯನ್ನು ತಾನೇ ತಳ್ಳಿಕೊಂಡು ಹೋದ. ಬಾಲ್ಕನಿಯ ಕುಂಡಗಳಿಗೆ ನೀರು ಹಾಕುವುದನ್ನು ಮರೆಯಬೇಡವೆಂದು ಅವಳು ದಾರಿಯುದ್ದಕ್ಕೂ ಬಡಬಡಿಸುತ್ತಿದ್ದಳು. ಕೊನೆಯ ಬಾಗಿಲು ಬಂತು. ರೂಢಿಬಿದ್ದ ಕೈ ಕುರ್ಚಿಯನ್ನು ತಿರುಗಿಸಿತು.

ಸ್ಮಾರೊಳ ಮಾತು ನಿಂತಿತು.

“ಲೆಫ್ತೆರಿ, ಹೊಸಿಲು ಎತ್ತರ ಇದೆಯಾ?” ಎಂದು ಕೇಳಿದಳು.

ಅವನು ನೆಲಕ್ಕೆ ಸಮವಾಗಿದ್ದ ಹೊಸಿಲನ್ನು ನೋಡಿದ. ಅವಳೇ ಮುಂದುವರಿಸಿದಳು.

“ಇಷ್ಟು ವರ್ಷ ಊಟಕ್ಕೆ ಕೂತಾಗೆಲ್ಲ, ಇವತ್ತು ಇಂಥವರನ್ನ ತಿರುಗಿಸ್ದೆ, ಪಾಪ ಗೊತ್ತೇ ಆಗ್ಲಿಲ್ಲ ಅಂತ ನನ್ನ ಹತ್ರಾನೇ ಹೇಳ್ತಿದ್ಯಲ್ಲ ಮಾರಾಯ. ನಾನು ಫಲಕ ಬೇರೆ ಓದ್ಬೇಕಾ?”

ಯಾರಿಗೂ ತಿಳಿಯದಂತೆ ಕಾಪಾಡಿದ ಗುಟ್ಟನ್ನು ಹೆಂಡತಿಗೆ ತಾನೇ ಡಂಗುರ ಹೊಡೆದು ಸಾರಿದ್ದ. ಅವನಿಗೆ ಅಳು ಒತ್ತರಿಸಿ ಬಂತು. ಸ್ಮಾರೊ ಅಳಲಿಲ್ಲ. ಮುಂದಕ್ಕೆ ತಿರುಗಿಸು ಎಂದಳು. ತಿರುಗಿಸಿದ. ಅವಳು ತಲೆಯೆತ್ತಿ ಫಲಕವನ್ನು ನಿಧಾನವಾಗಿ, ಕೊನೆಯ ಅಕ್ಷರದವರೆಗೂ ಓದಿದಳು. ಆಮೇಲೆ ತನ್ನ ಹೆಗಲ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡಳು.

“ಫೋತಿನಿಗೆ ಮಾತ್ರ ಹೇಳ್ಬೇಡ. ನನಗೆ ಗೊತ್ತಾಗಿದೆ ಅಂತ ತಿಳಿದ್ರೆ ಮಗು ತಡ್ಕೊಳ್ಳಲ್ಲ.”

ಅಂದಿನಿಂದ ಗಂಡಹೆಂಡಿರು ಮಗಳ ಮುಂದೆ ರಕ್ತದ ಮಾತನ್ನಷ್ಟೇ ಆಡಿದರು. ರಕ್ತ ಏರಲೆಂದು ಫೋತಿನಿ ಬೇಯಿಸಿ ತರುತ್ತಿದ್ದ ಬೀಟ್‌ರೂಟನ್ನು ಸ್ಮಾರೊ ಕೊನೆಯ ವಾರದವರೆಗೂ ತಟ್ಟೆ ಬರಿದಾಗುವಂತೆ ತಿಂದಳು.