ತಂತಿ ಬಿಗಿದ ದವಡೆ

ಹೆಲ್ಮೆಟ್ಟಿನ ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ದವಡೆಗೆ ಬಿದ್ದಾಗ ಒಣಕಟ್ಟಿಗೆ ಮುರಿದಂಥ ಸದ್ದು ನನ್ನ ತಲೆಯೊಳಗೇ ಕೇಳಿಸಿತು. ಬಾಯಿ ತುಂಬ ರಕ್ತ. ಪುಣೆಯ ಕಾತ್ರಜದ ಚೌಕಿನಲ್ಲಿ, ಬೆಳಗಿನ ಟ್ರಾಫಿಕ್ಕಿನ ನಡುವೆ, ನಾನು ಓಡಿಸುವ ಬಸ್ಸಿನ ಮುಂದಿನ ಗಾಲಿಗೆ ಒರಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತಿದ್ದೆ. ಇಬ್ಬರು ಒದೆಯುತ್ತಿದ್ದರು. ನಾನು ದಿನಾ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಕಾರ್ಖಾನೆಯ ಜನ ಬಸ್ಸಿಂದ ಇಳಿದು ಬರುವಷ್ಟರಲ್ಲಿ ಅವರು ಮೋಟರ್ ಸೈಕಲ್ ಏರಿ ಹೋಗಿದ್ದರು.

ನಾವು ಧಾರವಾಡದ ಕಡೆಯ ಕ್ರೈಸ್ತರು. ಪುಣೆಗೆ ಬಂದು ಇಪ್ಪತ್ತು ವರ್ಷವಾಗಿದೆ; ಮನೆ ದೇಹೂ ರೋಡಿನಲ್ಲಿ. ಭಾನುವಾರ ಸಂಜೆ ಹತ್ತಾರು ಕನ್ನಡ ಕುಟುಂಬಗಳು ಒಬ್ಬರ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತೇವೆ. ಅಲ್ಲಿ ಪ್ರಾರ್ಥನೆ ನಡೆಸುತ್ತಿದ್ದವನು ನಾನೇ. ದನಿ ಚೆನ್ನಾಗಿತ್ತು. ಪುಸ್ತಕದ ಮಾತು ಸರಾಗವಾಗಿ ಬರುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನು ಅರೆಗಣ್ಣಿನಲ್ಲಿ ನೋಡಿ ಇನ್ನೊಂದಿಷ್ಟು ಎಳೆಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಒಂದೂವರೆ ತಿಂಗಳು ಬಾಯಿ ತೆರೆಯುವಂತಿರಲಿಲ್ಲ. ಹೆಂಡತಿ ಗಂಜಿ ಸೋಸಿ, ನಳಿಕೆ ಹಾಕಿ ಕುಡಿಸುತ್ತಿದ್ದಳು. ಏನಾದರೂ ಬೇಕಾದರೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದೆ. ನಮ್ಮ ಪ್ರಾರ್ಥನಾಸಭೆಯವರು ಬಂದು ಹಾಸಿಗೆಯ ಸುತ್ತ ನಿಂತು ಪ್ರಾರ್ಥಿಸಿದರು. ನಮ್ಮ ಪಾದ್ರಿ, ಅಂದರೆ ಸಭಾಪಾಲಕರು, ನನ್ನ ಹಣೆಯ ಮೇಲೆ ಕೈಯಿಟ್ಟು, "ತಪ್ಪಿಲ್ಲದ ಮನಷ್ಯಾಗ ಹಿಂಗ ಹೊಡದಾರಲ್ಲ ಕರ್ತನೇ" ಎಂದರು. ನಾನು ಕಣ್ಣು ಮುಚ್ಚಿ ಹೌದೆಂಬಂತೆ ತಲೆಯಾಡಿಸಿದೆ.

ತಪ್ಪು ಇತ್ತು. ಅವರ ಮೋಟರ್ ಸೈಕಲ್ ಬಸ್ಸಿನ ಕನ್ನಡಿಗೆ ತಾಗಿ ಗಾಜು ಒಡೆದಾಗ, ಕಿಟಕಿಯಿಂದ ಕುತ್ತಿಗೆ ಚಾಚಿ, ಗಾಡಿ ನಡೆಸುತ್ತಿದ್ದವನ ತಾಯಿಯ ಮೇಲೆ ಮರಾಠಿಯಲ್ಲಿ ಬೈದಿದ್ದೆ. ಕಾಗದದ ಮೇಲೆ ಬರೆಯಲಾಗದಂಥ ಬೈಗುಳ. ಒಮ್ಮೆಯಲ್ಲ, ಮೂರು ಸಲ. ಅದನ್ನು ಪೊಲೀಸರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ದಿನವಿಡೀ ಮಲಗಿ ಪ್ರಾರ್ಥನೆ ಮಾಡುತ್ತಿದ್ದೆ. ಪ್ರಾರ್ಥನೆ ಅಂದರೆ ಏನು, ಹೆಲ್ಮೆಟ್ಟಿನಿಂದ ಹೊಡೆದ ಆ ಗಾಡಿಯವನ ಸಾವು ಬೇಡುವುದು. ಲಾರಿಯ ಕೆಳಗೆ ಬೀಳಲಿ, ಅವನ ದವಡೆಯೂ ಒಡೆಯಲಿ, ಅವನೂ ನಾಯಿಯ ಹಾಗೆ ಜೊಲ್ಲು ಸುರಿಸಲಿ ಎಂದು ಯೇಸುವಿನ ಪಟದ ಕಡೆ ನೋಡುತ್ತ ಬೇಡುತ್ತಿದ್ದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬಂದಲ್ಲಿ ಮಾತ್ರ ಹಾರಿಸಿ ಮುಂದೆ ಹೋಗುತ್ತಿದ್ದೆ. ದೇವರು ನನ್ನ ಪಕ್ಷವೆಂಬುದರಲ್ಲಿ ಅನುಮಾನವೇ ಇರಲಿಲ್ಲ.

ತಂತಿ ಬಿಚ್ಚಿದ ನಾಲ್ಕನೇ ದಿನ ಮಧ್ಯಾಹ್ನ, ಗಾಲಿಯ ಬೋಲ್ಟು ಬಿಚ್ಚುವ ಕಬ್ಬಿಣದ ರಾಡನ್ನು ಚೀಲದಲ್ಲಿ ಸುತ್ತಿಕೊಂಡು ಕಾತ್ರಜಕ್ಕೆ ಹೋದೆ. ಪೊಲೀಸರು ಹಿಡಿದು ಜಾಮೀನಿನ ಮೇಲೆ ಬಿಟ್ಟಿದ್ದ ಅವನು ಹೆದ್ದಾರಿಯ ಬದಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆಂದು ಠಾಣೆಯಲ್ಲೇ ಕೇಳಿದ್ದೆ. ಮೂವತ್ತು ದಾಟಿದ ಗಂಡಸು. ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಭಾಗವೊಂದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ನನ್ನನ್ನು ನೋಡಿ ಗುರುತು ಹಿಡಿಯುವ ಮೊದಲೇ ರಾಡು ಬೀಸಿದೆ. ತಲೆಗೆಂದು ಬೀಸಿದ್ದು, ಅವನು ಹೊರಳಿದ್ದರಿಂದ ಎಡಭುಜಕ್ಕೆ ಬಿತ್ತು. ಮೂಳೆ ಮುರಿದದ್ದು ನನ್ನ ಅಂಗೈಗೆ ತಿಳಿಯಿತು.

"ಆಯೀ ಗಂ!" ಎಂದು ಅರಚಿದ.

ಅಯ್ಯೋ ಅವ್ವಾ ಅಂತ. ನಾನು ಬೈದಿದ್ದ ಅದೇ ತಾಯಿಯನ್ನು ಅವನು ಕೂಗುತ್ತಿದ್ದ. ಎಣ್ಣೆಯ ನೆಲದ ಮೇಲೆ ಬಿದ್ದು, ಆಡುತ್ತಿದ್ದ ಒಂದು ಕೈಯಿಂದ ತಲೆ ಮುಚ್ಚಿಕೊಂಡ. ಎರಡನೇ ಏಟಿಗೆ ರಾಡು ಎತ್ತಿದ್ದೆ. ಎತ್ತಿದ ಕೈ ಇಳಿಯಲಿಲ್ಲ. ಯಾವ ದನಿಯೂ ಕೇಳಿಸಲಿಲ್ಲ, ಬೆಳಕೂ ಕಾಣಲಿಲ್ಲ. ರಾಡು ಬಿಟ್ಟೆ.

ಆಮೇಲೆ ಗ್ಯಾರೇಜಿನವರು ನನ್ನನ್ನು ಹಿಡಿದರು. ಹೊಟ್ಟೆಗೆ, ಪಕ್ಕೆಗೆ ಒದ್ದರು. ಒಬ್ಬ ನನ್ನ ಮುಖವನ್ನು ಗೋಡೆಗೆ ಉಜ್ಜಿದ. ನಾನು ಕೈ ಎತ್ತಲಿಲ್ಲ. ಪೊಲೀಸರು ಬಂದು ಬಿಡಿಸುವ ಹೊತ್ತಿಗೆ ಎರಡು ಪಕ್ಕೆಲುಬು ಮುರಿದಿದ್ದವು.

ಆ ಸಂಜೆ ಠಾಣೆಯ ನೆಲದ ಮೇಲೆ ಗೋಡೆಗೆ ಆತು ಕೂತಿದ್ದೆ. ಉಸಿರೆಳೆದರೆ ಎದೆ ಇರಿಯುತ್ತಿತ್ತು. ಪ್ರಾರ್ಥಿಸಲು ಹೋದರೆ ಸಭೆಯ ಆ ಚಂದದ ಮಾತು ಒಂದೂ ಬರಲಿಲ್ಲ. ಬಂದದ್ದು ನನ್ನವ್ವ ಕಲಿಸಿದ ಮನೆ ಮಾತು. "ನಾನ ಮೊದಲ ಬೈದೆ. ಯಾರಿಗೂ ಹೇಳಿಲ್ಲ. ನಿನಗೂ ಹೇಳಿಲ್ಲ. ಅಂವನ್ನ ಕೊಲ್ಲಾಕ ಹ್ವಾದೆ. ಈಗ ನೀ ಏನ್ ಮಾಡ್ತಿ ಮಾಡು, ಆದ್ರ ಬಿಟ್ಟ ಹೋಗಬ್ಯಾಡ." ಪಕ್ಕದಲ್ಲಿದ್ದ ಕುಡುಕನೊಬ್ಬ ನನ್ನನ್ನು ನೋಡಿ ಸ್ವಲ್ಪ ದೂರ ಸರಿದ. ಐವತ್ತು ವರ್ಷದ ಬಾಳಿನಲ್ಲಿ ಅಂದೇ ಮೊದಲ ಸಲ, ಎದುರಿಗೆ ಒಬ್ಬರು ಕೂತು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಹೆದರಿಕೆಯಾಯಿತು. ಆದರೂ ಆ ಹೆದರಿಕೆಯಿಂದ ಎದ್ದು ಹೋಗಬೇಕೆನ್ನಿಸಲಿಲ್ಲ.

ಮರುದಿನ ಹೆಂಡತಿ ಬಂದಳು. ಎಲ್ಲವನ್ನೂ ಹೇಳಿದೆ, ಬೈಗುಳವನ್ನೂ.

"ಒಂದೂವರಿ ತಿಂಗಳ ನಿಮಗ ಗಂಜಿ ಕುಡಿಸೀನ್ರಿ. ಉಪ್ಪು ಕಮ್ಮಿ ಅಂತ ಬರದ ತೋರಸ್ತಿದ್ರಿ. ಇದನ್ನ ಒಂದ ಸಾಲ ಬರೀಲಿಕ್ಕೆ ಆಗಲಿಲ್ಲೇನು?"

ಅವಳು ಮುಖಕ್ಕೆ ಸೆರಗು ಹಿಡಿದು ಹೊರಗೆ ಹೋದಳು. ಆದರೆ ಜಾಮೀನಿಗೆ ಓಡಾಡಿದವಳೂ ಅವಳೇ.

ಕೆಲಸ ಹೋಯಿತು. ಜಾಮೀನು ಸಿಕ್ಕ ಮೊದಲ ಭಾನುವಾರ ಸಭೆಯಲ್ಲಿ ನಿಂತು ನಡೆದದ್ದನ್ನು ಹೇಳಿದೆ. ಕೆಲವರು ಅಂದಿನಿಂದ ಮಾತು ಬಿಟ್ಟರು. ಸಭಾಪಾಲಕರು ಮಾತ್ರ ವಾರಕ್ಕೊಮ್ಮೆ ಬಂದು ಸುಮ್ಮನೆ ಜೊತೆಗೆ ಕೂತು ಹೋಗುತ್ತಿದ್ದರು.

ಶಿವಾಜಿನಗರದ ಕೋರ್ಟಿನಲ್ಲಿ ಅವನು ನನ್ನನ್ನು ಹೊಡೆದದ್ದು, ನಾನು ಅವನನ್ನು ಹೊಡೆದದ್ದು, ಎರಡೂ ಕೇಸುಗಳು ನಡೆದವು. ಮೂರನೇ ಸಲ ವಿಚಾರಣೆಗೆ ಹೋದಾಗ ವರಾಂಡದ ಬೆಂಚಿನಲ್ಲಿ ಅವನೊಬ್ಬನೇ ಕೂತಿದ್ದ. ಹತ್ತಿರ ಹೋಗಿ, ಮೊದಲು ಬೈದವನು ನಾನೇ, ತಪ್ಪಾಯಿತು ಎಂದು ಮರಾಠಿಯಲ್ಲಿ ಹೇಳಿದೆ. ಅವನು ನನ್ನ ದವಡೆಯನ್ನೇ ನೋಡುತ್ತಿದ್ದ.

"ಆ ಡ್ರೈವರ್ ಏನಂದಿದ್ದ ಅಂತ ಆಯಿ ದಿನಾ ಕೇಳ್ತಾಳೆ" ಎಂದ ತನ್ನ ಭಾಷೆಯಲ್ಲಿ. "ಅವಳಿಗೆ ಹೇಗೆ ಹೇಳಲಿ?"

ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಬೇರೆ ಬೆಂಚಿಗೆ ಹೋದ. ಮುಂದೆ ಎರಡೂ ಕಡೆಯ ವಕೀಲರು ಕೂಡಿ ರಾಜಿ ಮಾಡಿಸಿದರು. ಸಹಿ ಮಾಡುವಾಗಲೂ ಅವನು ನನ್ನ ಕಡೆ ನೋಡಲಿಲ್ಲ.

ಈಗ ಒಂದು ಟೆಂಪೊ ಓಡಿಸುತ್ತೇನೆ. ಸಿಟ್ಟು ಹೋಗಿಲ್ಲ. ಯಾರಾದರೂ ಅಡ್ಡ ನುಗ್ಗಿದರೆ ಬೈಗುಳ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆಗ, ಸ್ಟೇರಿಂಗ್ ಹಿಡಿದುಕೊಂಡೇ, "ನೋಡು, ಮತ್ತ ಬಂತು" ಎಂದು ದೇವರಿಗೆ ಹೇಳುತ್ತೇನೆ. ನಾನು ರಾಡಿನಿಂದ ಹೊಡೆದವನ ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲವಂತೆ. ಬೆಳಿಗ್ಗೆ ಹೆಂಡತಿಯೂ ನಾನೂ ಚಾಪೆಯ ಮೇಲೆ ಕೂತಾಗ ಅವನ ಹೆಸರು ಹಿಡಿದು ಆ ಕೈಗಾಗಿ ಬೇಡುತ್ತೇನೆ. ಕೆಲವು ದಿನ ಆ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಆಗ ಆ ಹೆಸರನ್ನು ಅವಳು ಹೇಳುತ್ತಾಳೆ.